ಕೋಳಿಗೆ ಆಡಿದ ಮಾತು

ಕೊಬ್ಬು ಅನ್ನುವ ಪದ ಕಿವಿಗೆ ಬಿದ್ದರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಕನ್ನಡದಲ್ಲಿ ಕೊಬ್ಬು, ತೆಲುಗಿನಲ್ಲಿ ಕೊವ್ವು, ತಮಿಳಿನಲ್ಲಿ ಕೊಳುಪ್ಪು. ನಮ್ಮ ಕಡೆ ಮೂರೂ ಭಾಷೆ ಓಡಾಡುತ್ತವೆ, ಮೂರರಲ್ಲೂ ಆ ಪದಕ್ಕೆ ಅವೇ ಎರಡು ಅರ್ಥ. ಮೈಯಲ್ಲಿ ಕೂರುವುದು ಒಂದು, ತಲೆಗೆ ಏರುವುದು ಇನ್ನೊಂದು. ಕೋಳಿ ಸಾಕುವವನು ಮೊದಲನೆಯ ಅರ್ಥದಲ್ಲಿ ಆಡಿದ್ದನ್ನು ಕೇಳುವವರು ಎರಡನೆಯ ಅರ್ಥದಲ್ಲಿ ಕೇಳಿಸಿಕೊಂಡರೆ ಅವನೇನು ಮಾಡಬೇಕು? ಆ ಒಂದು ಮಾತಿಗೆ ನನ್ನ ಅತ್ತೆ ಸುಬ್ಬಲಕ್ಷ್ಮಮ್ಮ ಮನೆ ಬಿಟ್ಟು ಹೋದರು. ಬಹಳ ದಿನ ನಾನು ಹಾಗಂತಲೇ ನಂಬಿದ್ದೆ.

ಅತ್ತೆ ಅಂದರೆ ಹೆಂಡತಿಯ ತಾಯಿ. ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ತೀರಿಕೊಂಡು ಮೂರು ವರ್ಷವಾಯಿತು. ಜ್ವರ ಅಂತ ಮಲಗಿದವಳು ಏಳಲೇ ಇಲ್ಲ. ನಮಗೆ ಮಕ್ಕಳಿರಲಿಲ್ಲ. ಮಗಳ ಕಾರ್ಯಕ್ಕೆಂದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ ಬಂದ ಅತ್ತೆ ಇವತ್ತು ನಾಳೆ ಅನ್ನುತ್ತಾ ಇಲ್ಲೇ ಉಳಿದುಬಿಟ್ಟರು. ಗಣಿಯಲ್ಲಿ ಕೆಲಸಕ್ಕಿದ್ದ ಮಾವ ಕೋದಂಡಪ್ಪ ಎಂದೋ ತೀರಿಹೋಗಿದ್ದರು, ಗಣಿ ಕಾರ್ಮಿಕರ ಸಾಲಿನಲ್ಲಿದ್ದ ಅವರ ಲೈನ್ ಮನೆಗೆ ಬೀಗ ಬಿದ್ದಿತ್ತು. ಬಂಗಾರಪೇಟೆಗೆ ಹತ್ತಿರದ ನಮ್ಮೂರಿನಲ್ಲಿ ನನಗೊಂದು ಕೋಳಿ ಶೆಡ್ಡು, ಅದರ ಪಕ್ಕದಲ್ಲಿ ಎರಡು ಕೋಣೆಯ ಮನೆ. ನನಗೆ ಬೇಯಿಸಿ ಹಾಕುವವರು ಬೇಕಿತ್ತು, ಅವರಿಗೆ ಬೇಯಿಸಿ ಹಾಕಲು ಯಾರಾದರೂ ಬೇಕಿತ್ತು. ಹೋಗಿ ಅಂತ ನಾನು ಹೇಳಲಿಲ್ಲ, ಇರುತ್ತೇನೆ ಅಂತ ಅವರೂ ಹೇಳಲಿಲ್ಲ.

ಹೇಳುವುದಾದರೂ ಹೇಗೆ? ನಮ್ಮಲ್ಲಿ ಹಳಬರು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಈಗಿನವರು ಮಾತಾಡುತ್ತಾರೆ, ಅತ್ತೆ ಅಳಿಯ ಒಂದೇ ಸೋಫಾದಲ್ಲಿ ಕೂತು ಟೀವಿ ನೋಡುತ್ತಾರೆ. ನನ್ನ ಅತ್ತೆ ಆ ಪೈಕಿ ಅಲ್ಲ. ನಾನು ಹೊಸ್ತಿಲು ದಾಟಿದರೆ ಸೆರಗು ತಲೆಗೆ, ಮೈ ಬಾಗಿಲ ಹಿಂದಕ್ಕೆ. ಜ್ಯೋತಿ ಇದ್ದಾಗ ಎಲ್ಲವೂ ಅವಳ ಮೂಲಕ ನಡೆಯುತ್ತಿತ್ತು. "ಇನ್ನೊಂದ್ ಮುದ್ದೆ ಇಕ್ಲಾ ಅಂತ ಕೇಳಮ್ಮ" ಅಂತ ಅವರು, "ಸಾಕು ಅಂತ ಏಳು" ಅಂತ ನಾನು. ನಡುವೆ ನಿಂತ ಅವಳು "ನಿಮ್ಮಿಬ್ರಿಗೂ ಕಿವಿ ಕೇಳಾಕಿಲ್ವಾ?" ಅಂತ ನಗುತ್ತಿದ್ದಳು. ಅವಳು ಹೋದ ಮೇಲೆ ನಮ್ಮ ನಡುವಿನ ಜಾಗ ಖಾಲಿಯಾಯಿತು. ಹಲವು ತಿಂಗಳು ಆ ಮನೆಯಲ್ಲಿ ಒಂದು ಮಾತೂ ಹುಟ್ಟಲಿಲ್ಲ.

ಒಂದು ಬೆಳಗ್ಗೆ ನಾನು ಉಣ್ಣದೆ ಶೆಡ್ಡಿನ ಕಡೆ ಹೊರಟಿದ್ದೆ. ಅಂಗಳದಲ್ಲಿ ಅತ್ತೆಯ ಕೆಂಪು ನಾಟಿ ಕೋಳಿ ಕೆದಕುತ್ತಿತ್ತು. ಒಳಗಿನಿಂದ ಮಾತು ಬಂತು, "ಲೇ ಕೆಂಪೀ, ಮುದ್ದೆ ಆರೋಯ್ತಾ ಐತೆ. ಖಾಲಿ ಒಟ್ಟೇಲಿ ಅದೆಲ್ಲಿಗೆ ಓಡ್ತೀಯಾ?" ನಾನು ನಿಂತೆ, ವಾಪಸ್ ಬಂದು ಉಂಡೆ. ಸಂಜೆ ನಾನೂ ಅದೇ ದಾರಿ ಹಿಡಿದೆ. ಶೆಡ್ಡಿನ ಬಾಗಿಲಲ್ಲಿ ನಿಂತು ಬ್ರಾಯ್ಲರ್‌ಗಳಿಗೆ ಕೇಳುವಂತೆ, "ನಾಳೆ ಬಂಗಾರಪೇಟೆ ಸಂತೆಗೆ ಓಗ್ಬೇಕು ಕಣ್ರಲಾ, ಬರೋದು ತಡ ಆಯ್ತದೆ" ಅಂದೆ. ಅಡುಗೆಮನೆಯಲ್ಲಿ ಪಾತ್ರೆ ಠಣ್ ಅಂತು. ಕೇಳಿಸಿತು ಅಂತ ಅದರ ಅರ್ಥ.

ಅಲ್ಲಿಂದಾಚೆಗೆ ನಮ್ಮ ಸಂಸಾರವೆಲ್ಲ ಕೋಳಿಗಳ ಮೂಲಕವೇ. ಉಪ್ಪು ಮುಗಿದದ್ದು, ಕರೆಂಟು ಹೋದದ್ದು, ಜ್ಯೋತಿಯ ವರ್ಷದ ದಿನ ಬಂದದ್ದು, ನಾನೊಮ್ಮೆ ಕುಡಿದು ಬಂದದ್ದು, ಎಲ್ಲಕ್ಕೂ ಕೋಳಿಗಳೇ ಬೈಸಿಕೊಂಡವು. ಅತ್ತೆಗೆ ಇದರಲ್ಲಿ ಒಂದು ಅನುಕೂಲವೂ ಇತ್ತು. ನನಗೆ ನೇರವಾಗಿ ಹೇಳುವುದಾದರೆ 'ನೀವು, ತಾವು' ಅನ್ನಬೇಕು, ಕೋಳಿಗಾದರೆ 'ಲೇ' ಸಾಕು. ಅವರ ಬಾಯಲ್ಲಿ ಆ 'ಲೇ' ಕೇಳುವುದು ನನಗೆ ಹಿತವಾಗಿರುತ್ತಿತ್ತು. ಜ್ಯೋತಿ ಹೋದ ಮೇಲೆ ನನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ಗ್ರಹಚಾರ ಕೆಟ್ಟಿತು. ಯುಗಾದಿ ಕಳೆದದ್ದೇ ತಡ ಬಿಸಿಲು ಶೀಟಿನ ಮೇಲೆ ಕೂತುಬಿಟ್ಟಿತು. ಕೋಳಿ ಎತ್ತಲು ಬಂದ ವ್ಯಾಪಾರಿಗಳು ತೂಕ ಬಂದ ಹುಂಜಗಳನ್ನೆಲ್ಲ ಆರಿಸಿ ಹಿಡಿದುಕೊಂಡು ಹೋದರು, ಹೆಣ್ಣುಗಳು ಉಳಿದವು. ಮತ್ತೆ ಬರುತ್ತೇವೆ ಅಂದವರು ಬರಲಿಲ್ಲ. ಶೆಡ್ಡಿನಲ್ಲಿ ಉಳಿದ ಕೋಳಿ ದಿನ ಕಳೆದಷ್ಟೂ ತಿನ್ನುತ್ತದೆ, ಆದರೆ ತಿಂದದ್ದು ಮಾಂಸವಾಗುವ ವಯಸ್ಸು ದಾಟಿರುತ್ತದೆ. ಅದರ ಮೇಲೆ ನಾನು ಒಂದು ಬುದ್ಧಿವಂತಿಕೆ ಬೇರೆ ಮಾಡಿದ್ದೆ. ಫೀಡ್ ತಡವಾಯಿತು ಅಂತ ಮನೆಯಲ್ಲಿದ್ದ ಮುಸುಕಿನ ಜೋಳವನ್ನು ನುಚ್ಚು ಮಾಡಿಸಿ ಸುರಿದೆ. ಜೋಳ ಹೆಚ್ಚಾಗಿ ಸೋಯಾ ಹಿಂಡಿ ಕಡಿಮೆಯಾದರೆ ಕೋಳಿ ಬೆಳೆಯುವುದಿಲ್ಲ, ಹೊಟ್ಟೆಯೊಳಗೆ ಕೊಬ್ಬು ಕಟ್ಟುತ್ತದೆ. ಹಿಂದೆ ತರಬೇತಿಗೆ ಹೋಗಿದ್ದಾಗ ಪಶು ಡಾಕ್ಟರು ಇದನ್ನೆಲ್ಲ ಹೇಳಿದ್ದರು. ಹೇಳುವಾಗ ನಾನು ಊಟಕ್ಕೆ ಏನು ಮಾಡಿಸಿದ್ದಾರೆ ಅಂತ ಯೋಚಿಸುತ್ತಿದ್ದೆ.

ಕೊನೆಗೆ ಬಂಗಾರಪೇಟೆಯಲ್ಲಿ ಚಿಕನ್ ಅಂಗಡಿ ಇಟ್ಟಿರುವ ಶ್ರೀಧರ್ ಒಂದಷ್ಟು ಕೋಳಿ ತೆಗೆದುಕೊಂಡ. ಮಾರನೆಯ ಮಧ್ಯಾಹ್ನವೇ ಫೋನು. ನಾನು ಶೆಡ್ಡಿನಲ್ಲಿದ್ದೆ. ಒಂದು ಕೈಯಲ್ಲಿ ಹೆಣ್ಣು ಕೋಳಿಯನ್ನು ಹಿಡಿದು ಹೊಟ್ಟೆ ಒತ್ತಿ ನೋಡುತ್ತಿದ್ದೆ. ಫ್ಯಾನುಗಳ ಸದ್ದು ಎಷ್ಟೆಂದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ.

"ಏನ್ ಮುನೀಂದ್ರಣ್ಣ ಇದು, ಕೊಯ್ದ್ರೆ ಬರೀ ಅಳದಿ ಕೊಬ್ಬು! ಗಿರಾಕಿ ಕಣ್ಣೆದುರಿಗೇ ತಗ್ದು ಬಿಸಾಕ್ಬೇಕು. ಯಾರಿಗೆ ಮುಖ ತೋರ್ಸ್ಲಿ?" ಅಂತ ಶ್ರೀಧರ್ ಕೂಗಿದ.

ನನಗೂ ರೇಗಿತು. ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆ, "ಎಣ್ಣಿಗೆ ಕೊಬ್ಬು ಜಾಸ್ತೀನೇ! ಕೂತ್ಕಡೆ ತಿಂತದೆ, ಅಲ್ಲೇ ಬಿದ್ದಿರ್ತದೆ, ಒಂದೆಜ್ಜೆ ಓಡಾಡಾಕಿಲ್ಲ. ದಿನ ಕಳ್ದಂಗೆಲ್ಲಾ ಏರ್ತಾ ಓಯ್ತದೆ. ಇನ್ನೂ ಮಡಿಕ್ಕಂಡು ನಾನೇನ್ ಮಾಡ್ಲಿ? ಈ ವಾರದಾಗೆ ಸಾಗಾಕ್ಬಿಡ್ತೀನಿ, ಬಿಡು!"

ಮಾತು ಮುಗಿಸಿ ತಿರುಗಿದಾಗ ಶೆಡ್ಡಿನ ಗೋಣಿ ಪರದೆ ಅಲ್ಲಾಡುತ್ತಿತ್ತು. ಗಾಳಿ ಅಂದುಕೊಂಡೆ.

ಮರುದಿನ ಬೆಳಗ್ಗೆ ಅತ್ತೆ ಇರಲಿಲ್ಲ. ಮುದ್ದೆ ಮಾಡಿ ಮುಚ್ಚಿಟ್ಟಿದ್ದರು, ಪಕ್ಕದಲ್ಲಿ ಉಪ್ಸಾರು. ಗೂಟಕ್ಕೆ ನೇತಾಡುತ್ತಿದ್ದ ಅವರ ವೈರ್ ಬ್ಯಾಗು ಕಾಣಲಿಲ್ಲ. ದೇವಸ್ಥಾನಕ್ಕೆ ಹೋಗಿರಬಹುದು ಅಂತ ಮಧ್ಯಾಹ್ನದವರೆಗೆ ಕಾದೆ. ಆಮೇಲೆ ಎದುರು ಮನೆಯ ಅಕ್ಕಯ್ಯಮ್ಮ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಚೆನ್ನಾಗ್ ಮಾಡ್ದೆ ಕಣ್ಲಾ ಮುನೀಂದ್ರ. ಮಗಳನ್ನ ಕೊಟ್ಟ ಮಾತಾಯೀನ ಕೊಬ್ಬು ಅಂತೀಯಾ? ಕೂತು ತಿಂತಾಳೆ ಅಂತೀಯಾ? ಬೀದಿಗೆಲ್ಲಾ ಕೇಳ್ಸ್ತು. ಪಾಪ, ಬೆಳ್ಗಿನ ಬಸ್ಗೇ ಓದ್ರು."

"ಅಯ್ಯೋ, ನಾನಂದಿದ್ದು ಕೋಳಿಗೆ!"

"ಊ, ನಿಮ್ಮನೇಲಿ ಕೋಳಿಗಂದಿದ್ದು ಯಾರಿಗೆ ಅಂತ ನಮಗ್ಗೊತ್ತಿಲ್ವಾ?" ಅಂತ ಅವಳು ಹೊರಟುಹೋದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಕೋಳಿಯನ್ನು ಬೈದರೆ ಅದು ಕೋಳಿಗೇ ಹೋಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಕೋಳಿಗೆ ಆಡಿದ ಮಾತಿಗೆ ಬೇರೆ ವಿಳಾಸವಿತ್ತು. ಆದರೂ ನನಗೆ ಕೋಪ ಬಂತು. ಅಷ್ಟು ವರ್ಷ ನನ್ನ ಜೊತೆ ಇದ್ದವರಿಗೆ ನಾನು ಅಂಥ ಮಾತು ಆಡುವವನಲ್ಲ ಅಂತ ತಿಳಿಯಬಾರದೇ? ನಾನೇ ಯಾಕೆ ಹೋಗಿ ಕರೆಯಲಿ? ಕೋಪ ಇಳಿದರೆ ಅವರೇ ಬರುತ್ತಾರೆ ಅಂತ ಸುಮ್ಮನಾದೆ.

ಅವರು ಬರಲಿಲ್ಲ. ಉಳಿದ ಕೋಳಿಗಳೂ ಸಿಕ್ಕಿದ ಬೆಲೆಗೆ ಹೋದವು. ಒಂದು ಹೆಣ್ಣನ್ನು ಮಾತ್ರ, ಎಲ್ಲಕ್ಕಿಂತ ದಪ್ಪಗಿದ್ದುದನ್ನು, ಸಾಕ್ಷಿಗೆ ಅಂತ ಇಟ್ಟುಕೊಂಡೆ. ಹೊಟ್ಟು ಗುಡಿಸಿ ಸುಣ್ಣ ಹೊಡೆದೆ, ಫ್ಯಾನು ನಿಲ್ಲಿಸಿದೆ. ಫ್ಯಾನು ನಿಂತ ಮೇಲೆ ಮನೆ ಎಷ್ಟು ಖಾಲಿಯಿದೆ ಅಂತ ನನಗೆ ಗೊತ್ತಾಯಿತು. ಫೋನು ಮಾಡಬಹುದಿತ್ತು, ಅವರ ಹತ್ತಿರ ಒಂದು ಬಟನ್ ಫೋನಿದೆ. ಆದರೆ ಫೋನಿನಲ್ಲಿ ನಡುವೆ ಕೋಳಿಯನ್ನು ನಿಲ್ಲಿಸುವುದು ಹೇಗೆ? ಹೆಸರು ತೆಗೆದು ನೋಡುತ್ತಿದ್ದೆ, ಮತ್ತೆ ಜೇಬಿಗೆ ಹಾಕುತ್ತಿದ್ದೆ.

ಒಂದು ಬೆಳಗ್ಗೆ ಅಭ್ಯಾಸಬಲದಿಂದ ಕೆಂಪಿಗೆ ಹೇಳಿದೆ, "ಇವತ್ತು ಪೇಟೆಗೆ ಓಗ್ಬತ್ತೀನಿ, ಊಟಕ್ಕೆ ಬರಾಕಿಲ್ಲ." ಹೇಳಿ, ಪಾತ್ರೆ ಠಣ್ ಅನ್ನಲಿ ಅಂತ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ, ಕೆಂಪಿ ನನ್ನ ಕಾಲ ಬಳಿ ಬಂದು ಉಗುರು ಕುಕ್ಕಿತು. ಆಗ ನನಗೆ ಅಳು ಬಂತು. ಜ್ಯೋತಿ ಹೋದಾಗ ಬಂದಿದ್ದವರೆಲ್ಲ ಅತ್ತಿದ್ದರು, ನಾನು ಅವರ ನಡುವೆ ಅತ್ತಿದ್ದೆ. ಇದು ಬೇರೆ ಥರ. ಇದನ್ನು ನೋಡಲೂ ಯಾರೂ ಇರಲಿಲ್ಲ.

ಆ ಭಾನುವಾರ ಸಾಕ್ಷಿ ಕೋಳಿಯನ್ನು ಚೀಲಕ್ಕೆ ತುರುಕಿ, ತಲೆ ಮಾತ್ರ ಹೊರಗೆ ಬಿಟ್ಟು, ಕೆಜಿಎಫ್ ಬಸ್ಸು ಹತ್ತಿದೆ. ಕಂಡಕ್ಟರ್ ಕೋಳಿಗೂ ಅರ್ಧ ಟಿಕೆಟ್ ಹರಿದ. "ಎಲ್ಗೆ ಸಾರ್, ಅತ್ತೆ ಮನೆಗಾ?" ಅಂತ ತಮಾಷೆ ಮಾಡಿದ. ಹೌದು ಅಂದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಆಟೋ ಹಿಡಿದು ಚಾಂಪಿಯನ್ ರೀಫ್ಸ್ ತಲುಪುವಷ್ಟರಲ್ಲಿ ಗಣಿಯ ಮಣ್ಣು ರಾಶಿ ಬಿದ್ದ ಸೈನೈಡ್ ಗುಡ್ಡದ ಕಡೆಯಿಂದ ಬಿಸಿ ಗಾಳಿ ಏಳುತ್ತಿತ್ತು. ಕೋಳಿ ಬಾಯಿ ಬಿಟ್ಟು ಏದುಸಿರು ಬಿಡುತ್ತಿತ್ತು, ಹೆಚ್ಚುಕಡಿಮೆ ನಾನೂ.

ಲೈನಿನ ತಿರುವಿನಲ್ಲೇ ಅತ್ತೆ ಕಂಡರು. ಪಕ್ಕದ ಮನೆಯ ಪುಷ್ಪಳ ಜೊತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಪುಷ್ಪ ತಮಿಳಿನಲ್ಲಿ ಏನೋ ಅಂದಳು, ಅತ್ತೆ ತೆಲುಗಿನಲ್ಲಿ ಏನೋ ಅಂದರು, ಇಬ್ಬರೂ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು ನಕ್ಕರು. ಅತ್ತೆ ನಗುವಾಗ ಜ್ಯೋತಿಯ ಹಾಗೆಯೇ ಕಣ್ಣು ಪೂರ್ತಿ ಮುಚ್ಚುತ್ತವೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಅದು ಗೊತ್ತಿರಲಿಲ್ಲ.

ನನ್ನನ್ನು ಕಂಡದ್ದೇ ಸೆರಗು ತಲೆಗೆ ಹೋಯಿತು, ಮೈ ಬಾಗಿಲ ಹಿಂದಕ್ಕೆ ಹೋಯಿತು. ನಾನು ಜಗಲಿಯ ತುದಿಯಲ್ಲಿ ಕೂತು ಕೋಳಿಯನ್ನು ಮುಂದೆ ಇಳಿಸಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಅದಕ್ಕೆ ಒಪ್ಪಿಸತೊಡಗಿದೆ.

"ನೋಡ್ಲೇ ಕೋಳಿ, ಆವತ್ತು ನಾನಂದಿದ್ದು ನಿನ್ನೇ, ಬ್ಯಾರೆ ಯಾರ್ನೂ ಅಲ್ಲ. ಉಂಜ ತಿಂದಿದ್ದು ಮೈಯಾಗ್ತದೆ, ಎಣ್ಣು ತಿಂದಿದ್ದು ಒಟ್ಟೆ ಒಳಗೆ ಕೂಡ್ಕಂತದೆ. ಅದು ನಿಮ್ ಜಾತಿಗುಣ, ನಿನ್ ತಪ್ಪಲ್ಲ. ಜೊತೆಗೆ ಈ ಬಿಸ್ಲು. ಬಿಸ್ಲಲ್ಲಿ ನೀನು ಅಲ್ಲಾಡಾಕಿಲ್ಲ, ಕೂತಿದ್ದ ಕಡೆ ಕೂತಿರ್ತೀಯ. ದಿನ ಬ್ಯಾರೆ ಮೀರೋಗಿತ್ತು. ಸಾಲ್ದು ಅಂತ ಜೋಳ ಸುರ್ದೋನು ನಾನು. ಶ್ರೀಧರ ಬೈದ, ಅದಕ್ಕೆ ನಾನು ಅಂಗಂದೆ. ಕೋಳಿ ಮಾತು ಕೋಳಿಗೆ ಅಷ್ಟೇ."

ಪುಷ್ಪ ಹುಣಸೆಹಣ್ಣು ಕೈಯಲ್ಲಿ ಹಿಡಿದೇ ಬಾಯಿ ತೆರೆದು ನೋಡುತ್ತಿದ್ದಳು. "ಅಡ ಕಡವುಳೇ, ಕೋಳಿಗೆ ಪಾಠ ಮಾಡ್ತಾರಲ್ಲ ಅಕ್ಕಾ ನಿಮ್ ಮಾಪ್ಪಿಳ್ಳೆ!" ಅಂದಳು. ತಮಿಳಿನಲ್ಲಿ ಮಾಪ್ಪಿಳ್ಳೆ ಅಂದರೆ ಅಳಿಯ.

ನಾನು ಇನ್ನೊಮ್ಮೆ ಮೊದಲಿನಿಂದ ಹೇಳಿದೆ, ಹಿಂಡಿಯ ಲೆಕ್ಕವನ್ನೂ ಸೇರಿಸಿ. ಆಗ ಬಾಗಿಲ ಸಂದಿನಿಂದ ಒಂದು ಕೈ ಬಂತು. ಕೋಳಿಯ ರೆಕ್ಕೆಗಳನ್ನು ಜೋಡಿಸಿ ಹಿಡಿದು ಒಳಕ್ಕೆ ಎಳೆದುಕೊಂಡಿತು. ಹಿತ್ತಲಲ್ಲಿ ಒಂದು ಸಲ ಕೀರಲು ಸದ್ದಾಯಿತು, ಅಷ್ಟೇ. ಸ್ವಲ್ಪ ಹೊತ್ತಿಗೆ ಖಾರ ಅರೆಯುವ ವಾಸನೆ ಬಂತು.

ಊಟಕ್ಕೆ ಒಳಗೆ ಮಣೆ ಹಾಕಿದ್ದರು. ಮುದ್ದೆ, ಕೋಳಿ ಸಾರು. ಸಾರಿನ ಮೇಲೆ ಹಳದಿ ಜಿಡ್ಡು ಬೆರಳು ದಪ್ಪ ನಿಂತಿತ್ತು. ಒಲೆಯ ಪಕ್ಕದ ತಟ್ಟೆಯಲ್ಲಿ, ತೆಗೆದಿಟ್ಟ ಕೊಬ್ಬು ಒಂದು ಹಿಡಿಯಷ್ಟು. ನಾನು ಹೇಳಿದ್ದು ನಿಜ ಅಂತ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಈಗ ಅತ್ತೆ ಏನಾದರೂ ಅನ್ನುತ್ತಾರೆ ಅಂತ ಕಾದೆ. ಆದರೆ ನಮ್ಮಿಬ್ಬರಿಗೂ ಮಾತಾಡಲು ಇದ್ದ ಒಂದು ಕೋಳಿಯನ್ನು ನಾನು ಉಣ್ಣುತ್ತಾ ಕೂತಿದ್ದೆ.

"ಅಳಿಯಂದ್ರೇ."

ನಾನು ತುತ್ತು ಬಿಟ್ಟು ತಲೆ ಎತ್ತಿದೆ. ಅತ್ತೆ ಬಾಗಿಲ ಈಚೆ ಬಂದು ನಿಂತಿದ್ದರು. ಸೆರಗು ಹೆಗಲ ಮೇಲಿತ್ತು.

"ಆವತ್ತು ನೀವಂದಿದ್ದು ಕೋಳಿಗೆ ಅಂತ ನಂಗ್ಗೊತ್ತು" ಅಂದರು.

"ಗೊತ್ತಾ? ಮತ್ತೆ ಅಕ್ಕಯ್ಯಮ್ಮ..."

"ಅವಳ್ಗೇನ್ ಗೊತ್ತು? ಮೊದ್ಲು ನಂಗೇ ಅಂದ್ರಿ ಅನ್ಕಂಡೆ. ಮೈಯೆಲ್ಲಾ ಉರ್ದೋಯ್ತು. ಒಲೆ ಆರ್ಸಿ, ಇವತ್ತು ಮುಖದ್ಮ್ಯಾಲೇ ಕೇಳ್ಬಿಡಾನ ಅಂತ ಬಂದೆ. ಏನೇನ್ ಅನ್ಬೇಕು ಅಂತೆಲ್ಲಾ ಜೋಡಿಸ್ಕಂಡ್ ಬಂದಿದ್ದೆ. ಪರದೆ ಸರ್ಸಿ ನೋಡಿದ್ರೆ ನಿಮ್ ಕಿವೀಲಿ ಫೋನು, ಕೈಯಾಗೆ ಕೋಳಿ. ನಂದಲ್ಲ ಆ ಮಾತು ಅಂತ ಗೊತ್ತಾಯ್ತು."

"ಗೊತ್ತಾದ್ಮ್ಯಾಲೆ ಯಾಕ್ ಓದ್ರಿ?"

ಅತ್ತೆ ಒಲೆಯ ಕಡೆ ನೋಡಿದರು. "ಜ್ಯೋತಿ ಓದ್ಮ್ಯಾಲೆ ನಂಗೇ ಅಂತ ಯಾರೂ ಒಂದ್ ಮಾತಾಡಿಲ್ಲ ಕಣಪ್ಪಾ. ಬೈಗುಳಾನಾದ್ರೂ ನಂದು ಅನ್ಕಂಡಿದ್ದೆ. ಅದೂ ಕೋಳೀದೇ ಆಯ್ತು."

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ತಲೆಕೆಳಗಾಯಿತು. ಕೋಳಿಗೇ ಅಂದದ್ದು, ಕೋಳಿಗೇ ಅಂದದ್ದು ಅಂತ ಜಗಲಿಯಲ್ಲಿ ಕೂತು ಎರಡೆರಡು ಸಲ ಹೇಳಿದ್ದೆನಲ್ಲ, ಪ್ರತಿ ಸಲವೂ ಅವರಿಗೆ ಹೇಗಾಗಿರಬೇಕು? ಮರುಕ್ಷಣವೇ ನನಗೆ ಸಿಟ್ಟು ಬಂತು. ಖಾಲಿ ಶೆಡ್ಡು, ಠಣ್ ಅನ್ನದ ಪಾತ್ರೆ, ಒಬ್ಬನೇ ಕಟ್ಟಿಕೊಂಡ ಗಂಟುಗಂಟು ಮುದ್ದೆ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಎಂಜಲು ಕೈಯಲ್ಲೇ ಎದ್ದು ನಿಂತೆ.

"ನಿಮಗೇ ಕೊಬ್ಬು ಅತ್ತೇ! ಕೋಳಿಗಲ್ಲ, ನಿಮಗೆ! ಏಳ್ದೆ ಕೇಳ್ದೆ ಎದ್ದು ಬಂದ್ಬಿಡಾದಾ? ನಾನಲ್ಲಿ ಒಬ್ನೇ ಬಿದ್ದಿದ್ದೀನಿ, ತಿಂದ್ನಾ ಸತ್ನಾ ಅಂತ ಒಂದಿನ ಕೇಳಿದ್ರಾ? ಬೆಳಗ್ಗೆದ್ರೆ ಆ ಕೆಂಪಿ ಮುಖ ನೋಡ್ಬೇಕು, ಅದ್ಕೆ ತಲೆ ಕೆಟ್ಟೋಗೈತೆ ನನ್ ಮಾತು ಕೇಳಿ ಕೇಳಿ!"

ಹೊರಗೆ ಪುಷ್ಪ "ಕೊಳುಪ್ಪಾ?" ಅಂದದ್ದು ಕೇಳಿಸಿತು. ಹೆಂಡತಿಯ ತಾಯಿಗೆ, ಅವರ ಮನೆಯಲ್ಲೇ, ಅವರು ಬಡಿಸಿದ ಎಲೆಯ ಮುಂದೆ ನಿಂತು ಇಂಥ ಮಾತು ಆಡಿದ್ದೆ. ಇನ್ನು ಈ ಬಾಗಿಲು ಮುಚ್ಚಿತು ಅಂದುಕೊಂಡೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ಪೂರ್ತಿ ಮುಚ್ಚಿಕೊಂಡವು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ, ಬಹುಶಃ ಎರಡೂ ಇತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ಉಂ, ಇದು ನಂದೇ" ಅಂದರು. ಆಮೇಲೆ "ಕೂತ್ಕೊಳ್ಳಿ, ಅರ್ಧಕ್ಕೆ ಏಳ್ಬಾರ್ದು" ಅಂತ ಇನ್ನೊಂದು ಮುದ್ದೆ ಇಟ್ಟರು. ಬೇಕಾ ಅಂತ ಕೇಳಲಿಲ್ಲ.

ಕೈ ತೊಳೆದ ಮೇಲೆ ನಾನು ಕೇಳಿಯೇಬಿಟ್ಟೆ, "ಬತ್ತೀರಾ ಅತ್ತೆ, ಓಗಾಣ?"

"ಒಂದ್ ಮಾತಿಗೆ ಯಾರಾದ್ರೂ ಬಂದ್ಬಿಡ್ತಾರಾ?" ಅಂದರು ಅತ್ತೆ. ಸಾರನ್ನು ಕ್ಯಾರಿಯರಿಗೆ ತುಂಬಿ ನನ್ನ ಚೀಲದಲ್ಲಿಟ್ಟರು. "ಬರೋ ಭಾನ್ವಾರ ಬನ್ನಿ. ಇನ್ನೂ ಬೈಯೋದು ಬೇಕಾದಷ್ಟು ಇರ್ಬೇಕು ನಿಮ್ಮತ್ರ, ನನ್ನತ್ರಾನೂ ಐತೆ. ಕೋಳಿ ತರ್ಬ್ಯಾಡಿ."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಮನೆ ಬೀಗ ಹಾಕಿದ್ದು ಹಾಗೇ ಇತ್ತು, ಶೆಡ್ಡಿನ ಸುಣ್ಣ ಒಣಗಿತ್ತು, ಯಾರೂ ಬಂದು ಹೋದ ಗುರುತಿರಲಿಲ್ಲ. ಕೆಂಪಿ ಹೊಸ್ತಿಲ ಮೇಲೆ ನಿಂತು ತಲೆ ವಾರೆ ಮಾಡಿ ನನ್ನನ್ನೇ ನೋಡಿತು. ಹೇಳಲು ಎಷ್ಟೋ ಇತ್ತು. ಅದೆಲ್ಲ ಭಾನುವಾರಕ್ಕೆ ಅಂತ ಇಟ್ಟುಕೊಂಡೆ, ಕೆಂಪಿಗೆ ಏನೂ ಹೇಳಲಿಲ್ಲ.